ಕದ್ದ ಮಗುವಿಗೆ ಕರ್ಣನ ಕತೆ: ಮೋಸದ ದತ್ತು ಮತ್ತು ಚಾರಿತ್ರಿಕ ಕಾದಂಬರಿಯ ಹೊಣೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಲಿಖಿತ ರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯಲ್ಲಿ ಚರ್ಚೆಯ ಒಂದು ಭಾಗವಿದೆ.)

  ನಾನು ನಾರಾಯಣಪೇಟೆ ಕಡೆಯವಳು. ಬರೆದುಕೊಂಡು ಬಂದಿದ್ದೇನೆ, ಆದ್ರೂ ನಡುನಡುವೆ ನಮ್ಮ ಕಡೆ ಮಾತು ಬಂದ್ರ ಹೊಟ್ಟ್ಯಾಗ ಹಾಕ್ಕೊಳ್ರಿ.

ಇವತ್ತು ನಾನು ಎತ್ತಿಕೊಂಡಿರುವುದು ಅಮೆರಿಕದ ಲೇಖಕಿ ಲೀಸಾ ವಿಂಗೇಟ್ 2017ರಲ್ಲಿ ಪ್ರಕಟಿಸಿದ ‘ಬಿಫೋರ್ ವಿ ವರ್ ಯುವರ್ಸ್’ ಎಂಬ ಕಾದಂಬರಿಯನ್ನು. ಟೆನೆಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಬಡವರ ಮಕ್ಕಳನ್ನು ದತ್ತಿನ ಹೆಸರಲ್ಲಿ ಕಿತ್ತುಕೊಂಡು ಮಾರಿದ ಒಂದು ಸಂಸ್ಥೆಯ ಚರಿತ್ರೆ ಅದರ ತಳಹದಿ. ಲಕ್ಷಾಂತರ ಓದುಗರನ್ನು ಮುಟ್ಟಿದ ಪುಸ್ತಕ ಇದು. ಓದಿದವರು ಅತ್ತರು, ನಾನೂ ಅತ್ತೆ. ಆದರೆ ಅತ್ತಾದ ಮೇಲೆ ಒಂದು ಪ್ರಶ್ನೆ ಉಳಿಯಿತು: ಇಂಥ ವಸ್ತುವಿನ ಕಾದಂಬರಿಯನ್ನು ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು? ಕಣ್ಣೀರು ತರಿಸಿತು ಅಂದರೆ ಸಾಕೇ?

ಶೀರ್ಷಿಕೆಯ ‘ನಾವು’

ಮೊದಲು ಶೀರ್ಷಿಕೆ ನೋಡೋಣ. ಕನ್ನಡದಲ್ಲಿ ಹೇಳುವುದಾದರೆ ‘ನಾವು ನಿಮ್ಮವರಾಗುವ ಮೊದಲು’. ಇದನ್ನು ತೆಲುಗಿಗೆ ತರುವುದಾದರೆ ಹೇಗೆ ಅಂತ ಯೋಚಿಸುತ್ತಿದ್ದೆ. ನಮ್ಮೂರಲ್ಲಿ ಮನೆಯೊಳಗೆ ಕನ್ನಡ, ಬಜಾರದಲ್ಲಿ ತೆಲುಗು. ತೆಲುಗಿನಲ್ಲಿ ‘ನಾವು’ ಅನ್ನುವುದಕ್ಕೆ ಎರಡು ಪದ ಅದಾವ. ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’, ಅವರನ್ನು ಬಿಟ್ಟರೆ ‘ಮೇಮು’. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಈ ಶೀರ್ಷಿಕೆಯ ‘ನಾವು’ ಅನುಮಾನವಿಲ್ಲದೆ ‘ಮೇಮು’. ಮಾತಾಡುತ್ತಿರುವವರು ಮಕ್ಕಳು, ಕೇಳುತ್ತಿರುವವರು ಅವರನ್ನು ಕೊಂಡವರು. ‘ನೀವು ನಮ್ಮನ್ನು ನಿಮ್ಮವರು ಅನ್ನುತ್ತೀರಿ. ಅದಕ್ಕೂ ಮೊದಲು ನಮಗೊಂದು ನಾವು ಇತ್ತು, ಅದರಲ್ಲಿ ನೀವು ಇರಲಿಲ್ಲ.’ ಶೀರ್ಷಿಕೆ ಇಷ್ಟನ್ನು ಹೇಳುತ್ತದೆ. ಕಾದಂಬರಿ ಈ ಮಾತನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತದೆಯೇ ಎಂಬುದು ನನ್ನ ಪ್ರಬಂಧದ ವಿಷಯ.

ಮೆಂಫಿಸ್ಸಿನಲ್ಲಿ ನಡೆದದ್ದು

ಚರಿತ್ರೆಯ ಭಾಗವನ್ನು ಚಿಕ್ಕದಾಗಿ ಹೇಳುತ್ತೇನೆ. ಜಾರ್ಜಿಯಾ ಟ್ಯಾನ್ ಎಂಬಾಕೆ 1924ರಿಂದ 1950ರವರೆಗೆ ‘ಟೆನೆಸೀ ಚಿಲ್ಡ್ರನ್ಸ್ ಹೋಮ್ ಸೊಸೈಟಿ’ಯ ಮೆಂಫಿಸ್ ಶಾಖೆಯಲ್ಲಿದ್ದಳು. ನ್ಯಾಯಾಧೀಶನ ಮಗಳು, ಊರಿನಲ್ಲಿ ಸಮಾಜಸೇವಕಿ ಎಂದು ಹೆಸರು. ಅವಳ ಕೈಯಿಂದ ಸುಮಾರು 5,000 ಮಕ್ಕಳು ದತ್ತಾಗಿ ಹೋದರೆಂದೂ, ಆರೈಕೆಯಿಲ್ಲದೆ ಸುಮಾರು 500 ಮಕ್ಕಳು ಸತ್ತರೆಂದೂ ಅಂದಾಜು. 1945ರಲ್ಲಿ ಭೇದಿ ರೋಗ ಹಬ್ಬಿದಾಗ ಕೆಲವೇ ತಿಂಗಳಲ್ಲಿ 40ಕ್ಕೂ ಹೆಚ್ಚು ಕೂಸುಗಳು ಸತ್ತವು. ಮೆಂಫಿಸ್ಸಿನ ಎಲ್ಮ್‌ವುಡ್ ಸ್ಮಶಾನದಲ್ಲಿ ಹೂಳಲಾದ 19 ಮಕ್ಕಳಿಗೆ 2015ರಲ್ಲಿ ಒಂದು ಸ್ಮಾರಕ ನಿಂತಿತು.

ಮಕ್ಕಳು ಸಿಗುತ್ತಿದ್ದದ್ದು ಹೇಗೆ? ಆಸ್ಪತ್ರೆಯಲ್ಲಿ ಮಂಪರು ಇಳಿಯದ ಬಾಣಂತಿಯಿಂದ ಸಹಿ ಹಾಕಿಸಿಕೊಳ್ಳುವುದು, ಕೂಸು ಸತ್ತಿತೆಂದು ಹೇಳಿ ಸಾಗಿಸುವುದು, ಬಡವರ ಮನೆ ಅಂಗಳದಲ್ಲಿ ಆಡುತ್ತಿದ್ದವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುವುದು, ಬಾಲನ್ಯಾಯಾಲಯದಿಂದ ತಂದೆತಾಯಿಯ ಹಕ್ಕನ್ನೇ ರದ್ದು ಮಾಡಿಸುವುದು. ಆ ನ್ಯಾಯಾಲಯದ ನ್ಯಾಯಾಧೀಶೆ ಕೆಮಿಲ್ ಕೆಲ್ಲಿ. ಊರಿನ ರಾಜಕಾರಣ ಇ. ಎಚ್. ಕ್ರಂಪ್ ಎಂಬ ಧಣಿಯ ಮುಷ್ಟಿಯಲ್ಲಿತ್ತು. ಕ್ರಿಸ್ಮಸ್ ಬಂತೆಂದರೆ ಸ್ಥಳೀಯ ಪತ್ರಿಕೆಯಲ್ಲಿ ಮಕ್ಕಳ ಫೋಟೋ ಹಾಕಿ, ಹಬ್ಬಕ್ಕೆ ಮಗು ಬೇಕೇ ಎಂಬ ಧಾಟಿಯಲ್ಲಿ ಜಾಹೀರಾತು ಬರುತ್ತಿತ್ತು. ರಾಜ್ಯದೊಳಗಿನ ದತ್ತಿಗೆ ಶುಲ್ಕ 7 ಡಾಲರ್. ಕ್ಯಾಲಿಫೋರ್ನಿಯಾ, ನ್ಯೂಯಾರ್ಕಿನ ಸಿರಿವಂತರಿಂದ ನೂರಾರು, ಕೆಲವೊಮ್ಮೆ ಸಾವಿರಾರು ಡಾಲರ್ ವಸೂಲಿ. ಸಿನಿಮಾ ತಾರೆ ಜೋನ್ ಕ್ರಾಫರ್ಡ್ ತನ್ನ ಅವಳಿ ಹೆಣ್ಣುಮಕ್ಕಳನ್ನು ಪಡೆದದ್ದು ಇಲ್ಲಿಂದಲೇ.

1950ರ ಸೆಪ್ಟೆಂಬರ್‌ನಲ್ಲಿ ಗವರ್ನರ್ ಗಾರ್ಡನ್ ಬ್ರೌನಿಂಗ್ ತನಿಖೆಯನ್ನು ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಟ್ಯಾನ್ ಕ್ಯಾನ್ಸರಿನಿಂದ ಸತ್ತಳು. ನ್ಯಾಯಾಧೀಶೆ ರಾಜೀನಾಮೆ ಕೊಟ್ಟು ಮನೆಗೆ ಹೋದಳು. ಯಾರಿಗೂ ಶಿಕ್ಷೆಯಾಗಲಿಲ್ಲ. ಸರ್ಕಾರದ ಮುಖ್ಯ ದೂರು ಆಕೆ ಹತ್ತು ಲಕ್ಷ ಡಾಲರಿನಷ್ಟು ಹಣ ಹೊಡೆದಳು ಎಂಬುದಾಗಿತ್ತು. ಹಣದ ಲೆಕ್ಕ ಕೇಳಿದರು, ಮಕ್ಕಳ ಲೆಕ್ಕ ಕೇಳಲಿಲ್ಲ. ದತ್ತಿನ ಕಡತಗಳಿಗೆ ಮುದ್ರೆ ಬಿದ್ದಿತ್ತು. ಅವನ್ನು ತೆರೆಯುವ ಕಾನೂನು ಬಂದದ್ದು 1995ರಲ್ಲಿ, ಕೋರ್ಟಿನ ತಕರಾರು ಮುಗಿದು ಪೂರ್ತಿ ಜಾರಿಯಾದದ್ದು 1999ರಲ್ಲಿ. ಅಷ್ಟೊತ್ತಿಗೆ ಬಹಳ ತಾಯಂದಿರು ತೀರಿಕೊಂಡಿದ್ದರು.

ಮೊದಲ ಕಾದಂಬರಿಕಾರ ಕಚೇರಿ

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಟ್ಯಾನ್ ಮಕ್ಕಳನ್ನು ಮಾರುವಾಗ ಮಗುವಿನ ಜೊತೆ ಒಂದು ಕತೆಯನ್ನೂ ಬರೆದು ಕೊಡುತ್ತಿದ್ದಳು. ಕೂಲಿಕಾರನ ಮಗು ಕಡತದಲ್ಲಿ ವೈದ್ಯ ವಿದ್ಯಾರ್ಥಿಯ ಮಗುವಾಗುತ್ತಿತ್ತು. ಯಹೂದಿ ದಂಪತಿ ಬಂದರೆ ಮಗುವಿನ ಕುಲವೂ ಯಹೂದಿ ಆಗುತ್ತಿತ್ತು. ಹೆಸರು, ಹುಟ್ಟಿದ ದಿನ, ತಂದೆತಾಯಿ ಎಲ್ಲವನ್ನೂ ಹೊಸದಾಗಿ ಬರೆಯಲಾಗುತ್ತಿತ್ತು. ಎಲ್ಲ ಕತೆಗಳ ಕೇಂದ್ರದಲ್ಲೂ ಒಂದೇ ವಾಕ್ಯ: ತಾಯಿ ಬಿಟ್ಟಳು.

ಈ ವಾಕ್ಯ ನಮಗೆ ಹೊಸದಲ್ಲ. ಕನ್ನಡದ ಓದುಗರಿಗೆ ನೀರಿನಲ್ಲಿ ತೇಲಿಬಿಟ್ಟ ಮಗು ಅಂದ ಕೂಡಲೇ ಕರ್ಣ ನೆನಪಾಗುತ್ತಾನೆ. ಪಂಪನಿಂದ ಕುಮಾರವ್ಯಾಸನವರೆಗೆ, ಅಲ್ಲಿಂದ ಯಕ್ಷಗಾನ, ಬಯಲಾಟದವರೆಗೆ ನಾವು ಕರ್ಣನಿಗಾಗಿ ಮರುಗಿದವರು. ಆ ಮರುಕದ ಚೌಕಟ್ಟು ಹೀಗಿದೆ: ಹೆತ್ತವಳು ಯಾವುದೋ ಅಸಹಾಯಕತೆಯಲ್ಲಿ ಬಿಟ್ಟಳು, ಸಾಕಿದವಳು ಎತ್ತಿಕೊಂಡಳು. ರಾಧೆಯ ತಪ್ಪು ಏನೂ ಇಲ್ಲ, ಅವಳು ಹೊಳೆಯಲ್ಲಿ ಬಂದದ್ದನ್ನು ಎತ್ತಿಕೊಂಡವಳು. ಮೋಸದ ದತ್ತಿನ ವ್ಯಾಪಾರ ಮಾಡುವುದು ಇದನ್ನೇ. ಕದ್ದ ಪ್ರತಿ ಮಗುವಿಗೂ ಕರ್ಣನ ಕತೆಯನ್ನು ಅಂಟಿಸುತ್ತದೆ. ಕೊಳ್ಳುವವರನ್ನು ರಾಧೆಯರನ್ನಾಗಿ ಮಾಡುತ್ತದೆ. ಮಗುವಿಗೆ ತಾನು ಬಿಟ್ಟುಹೋದವನು ಎಂಬ ನೋವು, ಕೊಂಡವರಿಗೆ ತಾವು ಕಾಪಾಡಿದವರು ಎಂಬ ನೆಮ್ಮದಿ, ನಡುವಿನ ದಲ್ಲಾಳಿಗೆ ಹಣ.

ನಮ್ಮ ಚರಿತ್ರೆಯಲ್ಲಿ ‘ದತ್ತು’ ಎಂಬ ಪದಕ್ಕೆ ಇನ್ನೊಂದು ನೆನಪೂ ಇದೆ. 1824ರಲ್ಲಿ ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಅಲ್ಲಿ ನಿಜವಾದ ದತ್ತನ್ನು ಅಧಿಕಾರ ಸುಳ್ಳು ಅಂದಿತು, ಮೆಂಫಿಸ್ಸಿನಲ್ಲಿ ಸುಳ್ಳು ದತ್ತನ್ನು ಅಧಿಕಾರ ನಿಜ ಅಂದಿತು. ಯಾರು ಯಾರ ಮಗು ಎಂಬುದನ್ನು ಕಾಗದ ತೀರ್ಮಾನಿಸುತ್ತದೆ, ಕಾಗದವನ್ನು ಅಧಿಕಾರ ಬರೆಯುತ್ತದೆ. ಎರಡರಲ್ಲೂ ಇದು ಒಂದೇ.

ಹಾಗಾಗಿ ನನ್ನ ವಾದ ಇದು. ಈ ವಸ್ತುವಿನ ಮಟ್ಟಿಗೆ ಮೊದಲ ಕಾದಂಬರಿ ಬರೆದದ್ದು ಕಚೇರಿ. ಆಮೇಲೆ ಬರುವ ಕಾದಂಬರಿಕಾರರು ಆ ಮೊದಲ ಕಟ್ಟುಕತೆಯನ್ನು ಬಿಚ್ಚಲಿಕ್ಕೆ ತಾವೂ ಒಂದು ಕಟ್ಟುಕತೆಯನ್ನೇ ಬರೆಯುತ್ತಾರೆ. ಅದಕ್ಕೇ ಇಲ್ಲಿ ಕಲ್ಪನೆಗೆ ಸ್ವಾತಂತ್ರ್ಯಕ್ಕಿಂತ ಹೊಣೆ ಹೆಚ್ಚು. ಕಚೇರಿಯ ಕತೆಯನ್ನು ಎಲ್ಲಿಯವರೆಗೆ ಬಿಚ್ಚಿದ್ದಾರೆ, ಎಲ್ಲಿ ತಮಗರಿವಿಲ್ಲದೆ ಅದನ್ನೇ ಮುಂದುವರಿಸಿದ್ದಾರೆ ಎಂದು ನೋಡುವುದೇ ನಮ್ಮ ಅಳತೆಗೋಲಾಗಬೇಕು.

ರಿಲ್ ಹೇಳುವ ಅರ್ಧ

ಕಾದಂಬರಿ ಎರಡು ದನಿಗಳಲ್ಲಿ ನಡೆಯುತ್ತದೆ. ಒಂದು 1939ರದು. ಮಿಸಿಸಿಪ್ಪಿ ನದಿಯ ಮೇಲೆ ‘ಆರ್ಕೇಡಿಯಾ’ ಎಂಬ ದೋಣಿಮನೆಯಲ್ಲಿ ಫಾಸ್ ಕುಟುಂಬ ಬದುಕಿದೆ. ತಂದೆ ಬ್ರೈನಿ, ತಾಯಿ ಕ್ವೀನಿ, ಐವರು ಮಕ್ಕಳು. ಹಿರಿಯವಳು ರಿಲ್, 12 ವರ್ಷ. ಅವಳ ನಂತರ ಕಮೀಲಿಯಾ, ಲಾರ್ಕ್, ಫರ್ನ್, ಕೊನೆಯವನು ಗೇಬಿಯನ್. ತಾಯಿಗೆ ಅವಳಿ ಹೆರಿಗೆ ಕಷ್ಟವಾಗಿ, ಸೂಲಗಿತ್ತಿ ಕೈಚೆಲ್ಲಿ, ಬಿರುಗಾಳಿಯ ರಾತ್ರಿ ತಂದೆ ಅವಳನ್ನು ಮೆಂಫಿಸ್ಸಿನ ಆಸ್ಪತ್ರೆಗೆ ಒಯ್ಯುತ್ತಾನೆ. ಹಿಂದೆ ಉಳಿದ ಐವರನ್ನು ಪೊಲೀಸರು ಬಂದು ಎತ್ತಿಕೊಂಡು ಹೋಗುತ್ತಾರೆ. ಈ ಕುಟುಂಬ ಕಲ್ಪಿತ, ಸಂಸ್ಥೆ ಮತ್ತು ಟ್ಯಾನ್ ನಿಜ.

ಈ ಭಾಗದ ಬಲ ಹೆಸರುಗಳಲ್ಲಿದೆ. ಸಂಸ್ಥೆ ಮಕ್ಕಳಿಗೆ ಹೊಸ ಹೆಸರಿಡುತ್ತದೆ. ರಿಲ್ ‘ಮೇ’ ಆಗುತ್ತಾಳೆ, ಫರ್ನ್ ‘ಬೆತ್’ ಆಗುತ್ತಾಳೆ. ಹಗಲು ಹೊಸ ಹೆಸರಿಗೆ ಓಗೊಡಬೇಕು, ಇಲ್ಲದಿದ್ದರೆ ಪೆಟ್ಟು. ರಿಲ್ ತಮ್ಮ ತಂಗಿಯರನ್ನು ಹತ್ತಿರ ಕೂರಿಸಿಕೊಂಡು ಹಳೆಯ ಹೆಸರುಗಳನ್ನು, ನದಿಯ ಕತೆಗಳನ್ನು ಹೇಳುತ್ತಿರುತ್ತಾಳೆ. ಕಚೇರಿಯ ಕಟ್ಟುಕತೆಗೆ ಎದುರಾಗಿ ಒಬ್ಬ ಹುಡುಗಿಯ ಬಾಯಿಮಾತಿನ ಪರಂಪರೆ ನಿಲ್ಲುತ್ತದೆ. ಗಡಿಯಲ್ಲಿ ಬೆಳೆದ ನಮಗೆ ಇದರ ಬಿಸಿ ಬೇಗ ತಟ್ಟುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು, ಮನೆಯಲ್ಲಿ ಕರೆಯುವುದು ಒಂದು, ಹಂಗ ಎರಡು ಹೆಸರು ಇಟ್ಕೊಂಡು ಬೆಳೆದವರು ಇಲ್ಲಿ ಎಷ್ಟೋ ಮಂದಿ ಇರಬಹುದು. ಆದರೆ ನಮ್ಮದನ್ನೂ ಅವರದನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ನಮ್ಮ ಹೆಸರು ಬದಲಾದರೂ ಸಂಜೆ ನಾವು ಹೋಗಿದ್ದು ನಮ್ಮ ಅವ್ವನ ಮನೆಗೇ.

ಇನ್ನೂ ಗಟ್ಟಿಯಾದದ್ದು ಕಮೀಲಿಯಾಳ ಪ್ರಸಂಗ. ಅವಳ ಕೂದಲು ಕಪ್ಪು, ಸ್ವಭಾವ ಗಡುಸು. ಹೊಂಬಣ್ಣದ ಕೂದಲಿನ ಮಕ್ಕಳಿಗೆ ಬೆಲೆ ಇರುವ ಸಂತೆಯಲ್ಲಿ ಅವಳಿಗೆ ಬೆಲೆ ಕಡಿಮೆ. ಅಲ್ಲಿನ ಆಳೊಬ್ಬನ ಕೈಯಲ್ಲಿ ಹಿಂಸೆಗೆ ಸಿಕ್ಕ ಮೇಲೆ ಅವಳು ಕಾಣೆಯಾಗುತ್ತಾಳೆ. ರಿಲ್ ಕೇಳಿದಾಗ ಟ್ಯಾನ್ ಕೊಡುವ ಉತ್ತರದ ತಾತ್ಪರ್ಯ: ನಿನಗೆ ಆ ಹೆಸರಿನ ತಂಗಿಯೇ ಇರಲಿಲ್ಲ. ಎಂದರೆ ಸತ್ತಳು ಎಂದೂ ಹೇಳುವುದಿಲ್ಲ, ಓಡಿಹೋದಳು ಎಂದೂ ಇಲ್ಲ. ಹುಟ್ಟನ್ನೇ ಅಳಿಸಲಾಗುತ್ತದೆ. ಮಾರಾಟವಾದ ಮಕ್ಕಳಿಗೆ ಸುಳ್ಳಾದರೂ ಒಂದು ಕಡತ ಉಂಟು. ಮಾರಾಟವಾಗದೆ ಸತ್ತವರಿಗೆ ಸುಳ್ಳು ಕಡತವೂ ಇಲ್ಲ. ಕಾದಂಬರಿಯ ಕೊನೆಯಲ್ಲಿ ಉಳಿದ ಅಕ್ಕತಂಗಿಯರು ಸಿಕ್ಕರೂ ಕಮೀಲಿಯಾ ಸಿಗುವುದಿಲ್ಲ, ಗೇಬಿಯನ್ ಸಿಗುವುದಿಲ್ಲ. ವಿಂಗೇಟ್ ಈ ಎರಡು ಖಾಲಿ ಜಾಗಗಳನ್ನು ತುಂಬಿಸದೆ ಬಿಟ್ಟದ್ದು ಪುಸ್ತಕದ ಅತ್ಯಂತ ಪ್ರಾಮಾಣಿಕ ನಿರ್ಧಾರ ಎಂದು ನನಗನ್ನಿಸುತ್ತದೆ. ಚರಿತ್ರೆ ಕಳೆದುಕೊಂಡದ್ದನ್ನು ಕಲ್ಪನೆ ಸಲೀಸಾಗಿ ಹುಡುಕಿಕೊಟ್ಟಿದ್ದರೆ ಅದು ಇನ್ನೊಂದು ಸುಳ್ಳು ಕಡತವಾಗುತ್ತಿತ್ತು.

ಎಲ್ಲಿ ಸಡಿಲಾಗುತ್ತದೆ

ಇನ್ನೊಂದು ದನಿ ಇವತ್ತಿನದು. ದಕ್ಷಿಣ ಕೆರೊಲಿನಾದ ಸೆನೆಟರನ ಮಗಳು, ವಕೀಲೆ ಏವ್ರಿ ಸ್ಟಾಫರ್ಡ್. ವೃದ್ಧಾಶ್ರಮವೊಂದರಲ್ಲಿ ಮೇ ಎಂಬ ಮುದುಕಿ ಸಿಗುತ್ತಾಳೆ. ಅಲ್ಲಿಂದ ಏವ್ರಿ ತನ್ನ ಅಜ್ಜಿ ಜೂಡಿಯ ಹುಟ್ಟಿನ ಗುಟ್ಟನ್ನು ಹುಡುಕುತ್ತಾಳೆ. ಮರೆವಿನ ರೋಗಕ್ಕೆ ಸಿಕ್ಕಿರುವ ಆ ಅಜ್ಜಿ, ಅಂದು ಆಸ್ಪತ್ರೆಯಲ್ಲಿ ಕಾಣೆಯಾದ ಅವಳಿ ಕೂಸುಗಳಲ್ಲಿ ಒಬ್ಬಳು.

ಇಲ್ಲಿ ನನಗೆ ಮೂರು ತಕರಾರುಗಳಿವೆ.

ಮೊದಲನೆಯದು, ನ್ಯಾಯ ಯಾರ ಕೈಯಿಂದ ಬರುತ್ತದೆ ಎಂಬುದು. ನದಿಯ ಮಕ್ಕಳ ಕತೆಯನ್ನು ಹೊರತೆಗೆಯುವವಳು ಅಧಿಕಾರದ ಮನೆಯ ಮೊಮ್ಮಗಳು. ಅವಳು ಕೇಳುವುದು ‘ನನ್ನ ಅಜ್ಜಿ ಯಾರು, ನಾನು ಯಾರು’ ಎಂದು. ಪ್ರಶ್ನೆ ಸಹಜ, ಆದರೆ ಅದು ವಂಶದ ಪ್ರಶ್ನೆ. ಕಡತಕ್ಕೆ ಬೀಗ ಹಾಕಿದ ಕಾನೂನು ಯಾರದು, ಅಷ್ಟು ವರ್ಷ ಅದನ್ನು ಕಾಯ್ದವರು ಯಾರು ಎಂಬ ಪ್ರಶ್ನೆಗಳು ಹಿಂದೆ ಸರಿದು, ಏವ್ರಿಯ ಮದುವೆಯ ಗೊಂದಲ ಮತ್ತು ಹೊಸ ಪ್ರೀತಿ ಮುಂದೆ ಬರುತ್ತವೆ. ಶೀರ್ಷಿಕೆಯ ‘ಮೇಮು’ ಇಲ್ಲಿ ಮೆಲ್ಲಗೆ ‘ಮನಂ’ ಆಗಿಬಿಡುತ್ತದೆ. ಕೊಂಡವರ ಮನೆಯವರೂ ಆ ‘ನಾವು’ವಿನೊಳಗೆ ಬಂದು ಕೂತುಬಿಡುತ್ತಾರೆ.

ಎರಡನೆಯದು, ಟ್ಯಾನ್ ರಾಕ್ಷಸಿಯಾಗಿ ಕಾಣುವ ಬಗೆ. ಆಕೆ ಮಾಡಿದ್ದಕ್ಕೆ ಮೃದು ಮಾತು ಬೇಡ. ಆದರೆ ಒಬ್ಬಳೇ ರಾಕ್ಷಸಿ 26 ವರ್ಷ ಊರಿನ ನಡುವೆ ಈ ವ್ಯಾಪಾರ ಮಾಡಲಾರಳು. ಸಹಿ ಹಾಕಿದ ನ್ಯಾಯಾಧೀಶೆ, ಕೂಸನ್ನು ಒಪ್ಪಿಸಿದ ನರ್ಸು, ಫೋಟೋ ಛಾಪಿಸಿದ ಪತ್ರಿಕೆ, ರಕ್ಷಣೆ ಕೊಟ್ಟ ರಾಜಕಾರಣಿ, ಬೆಲೆ ಕೊಟ್ಟ ಗಿರಾಕಿ ಎಲ್ಲರೂ ಬೇಕು. ಬಾರ್ಬರಾ ಬಿಸಾಂಟ್ಜ್ ರೇಮಂಡ್ 2007ರಲ್ಲಿ ಬರೆದ ‘ದ ಬೇಬಿ ಥೀಫ್’ ಎಂಬ ತನಿಖಾ ಪುಸ್ತಕ ಈ ಜಾಲವನ್ನು ವಿವರವಾಗಿ ತೋರಿಸುತ್ತದೆ. ಕಾದಂಬರಿಯಲ್ಲಿ ಆ ಜಾಲ ಮಸುಕಾಗಿದೆ. ಮಗುವಿನ ಕಣ್ಣಿಗೆ ಜಾಲ ಕಾಣುವುದಿಲ್ಲ, ರಾಕ್ಷಸಿ ಕಾಣುತ್ತಾಳೆ ಎಂದು ನೀವು ಹೇಳಬಹುದು. ನಿಜ. ಆದರೆ ಏವ್ರಿ ವಕೀಲೆ. ಅವಳ ಕಣ್ಣಿಗೆ ಕಾಣಬೇಕಿತ್ತು.

ಮೂರನೆಯದು ನನಗೆ ಮುಖ್ಯವಾದದ್ದು, ಕೊಂಡವರ ಪ್ರಶ್ನೆ. ಫರ್ನ್‌ಳನ್ನು ಮೊದಲು, ಆಮೇಲೆ ರಿಲ್‌ಳನ್ನೂ ಮನೆಗೆ ತರುವ ಸೆವಿಯರ್ ದಂಪತಿ ಒಳ್ಳೆಯವರು. ಸಂಗೀತ ಇರುವ ಮನೆ, ಅಕ್ಕರೆ ಇರುವ ಮನೆ. ತಪ್ಪಿಸಿಕೊಂಡು ನದಿಗೆ ಹೋದ ಹುಡುಗಿಯರು ತಾಯಿ ಸತ್ತದ್ದನ್ನು, ತಂದೆ ಕುಡಿತದಲ್ಲಿ ಮುಳುಗಿದ್ದನ್ನು ಕಂಡು ಕೊನೆಗೆ ಈ ಮನೆಗೇ ಮರಳುತ್ತಾರೆ. ಮಕ್ಕಳ ದೃಷ್ಟಿಯಿಂದ ಅದು ಸರಿ, ಬೇರೆ ಎಲ್ಲಿಗೆ ಹೋಗಬೇಕು? ಆದರೆ ಕತೆಯ ಕಟ್ಟಡದ ದೃಷ್ಟಿಯಿಂದ ಏನಾಯಿತು ನೋಡ್ರಿ. ನದಿಯ ಮನೆ ಹಾಳಾಯಿತು, ದತ್ತಿನ ಮನೆ ಕಾಪಾಡಿತು. ಟ್ಯಾನ್ ತನ್ನ ಗಿರಾಕಿಗಳಿಗೆ ಹೇಳುತ್ತಿದ್ದ ಕತೆಯೂ ಇದೇ ಅಲ್ಲವೇ? ಕಚೇರಿಯ ಕಟ್ಟುಕತೆಯನ್ನು ಬಿಚ್ಚಲು ಹೊರಟ ಕಾದಂಬರಿ ಇಲ್ಲಿ ಅದರ ಕೊನೆಯ ಅಧ್ಯಾಯವನ್ನು ತಾನೇ ಬರೆದುಕೊಟ್ಟಂತಾಗಿದೆ.

ಬೇರೆ ದಾರಿ ಇತ್ತೇ ಎಂದರೆ, ಇತ್ತು. ಲೂಯಿಸ್ ಪುಯೆನ್ಸೊ 1985ರಲ್ಲಿ ಮಾಡಿದ ಅರ್ಜೆಂಟೀನಾದ ‘ಲಾ ಇಸ್ತೋರಿಯಾ ಓಫಿಸಿಯಾಲ್’, ಅಂದರೆ ‘ಅಧಿಕೃತ ಚರಿತ್ರೆ’ ಎಂಬ ಸಿನಿಮಾ ನೆನೆಯೋಣ. ಅಲ್ಲಿ ಮಿಲಿಟರಿ ಆಡಳಿತ ಜನರನ್ನು ಕಾಣೆಯಾಗಿಸಿ ಅವರ ಕೂಸುಗಳನ್ನು ತನ್ನವರಿಗೆ ಹಂಚಿತ್ತು. ಆ ಮಕ್ಕಳನ್ನು ಹುಡುಕಲು ಅಜ್ಜಿಯರು 1977ರಲ್ಲೇ ಸಂಘಟಿತರಾದರು. ಸಿನಿಮಾದ ನಾಯಕಿ ಅಲಿಸಿಯಾ ಹೈಸ್ಕೂಲಿನ ಇತಿಹಾಸದ ಟೀಚರ್, ದತ್ತು ಮಗಳ ತಾಯಿ. ಮಗಳು ಎಲ್ಲಿಂದ ಬಂದಳು ಎಂದು ಅವಳೇ ಕೇಳತೊಡಗುತ್ತಾಳೆ. ಉತ್ತರ ಸಿಕ್ಕರೆ ಮಗಳನ್ನು ಕಳೆದುಕೊಳ್ಳಬಹುದೆಂದು ಗೊತ್ತಿದ್ದೂ ಕೇಳುತ್ತಾಳೆ. ರಾಧೆಯೇ ಹೊಳೆಯ ಮೇಲ್ಗಡೆಗೆ ನಡೆದು ಹೋದಂತೆ. ಸೆವಿಯರ್ ದಂಪತಿಗೆ ಆ ನಡಿಗೆ ಇಲ್ಲ. ಅವರ ಒಳ್ಳೆಯತನವೇ ಅವರನ್ನು ಪ್ರಶ್ನೆಯಿಂದ ಪಾರು ಮಾಡುತ್ತದೆ.

ಸಹಿ ಹಾಕಿದವರು

ಈಗ ನಮ್ಮ ಕಡೆಗೆ ಬರುತ್ತೇನೆ. ಮೆಂಫಿಸ್ಸಿನ ಕತೆಯನ್ನು ಎಳೆದು ತಂದು ನಮಗೆ ಹೊಂದಿಸುವ ಆಸೆ ನನಗಿಲ್ಲ. ಆದರೆ ನಾನಿರುವ ರಾಜ್ಯದಲ್ಲಿ, ಆಗ ಅದು ಆಂಧ್ರಪ್ರದೇಶ, 1999ರಲ್ಲಿ ಮತ್ತು 2001ರಲ್ಲಿ ವಿದೇಶಿ ದತ್ತಿನ ಹಗರಣಗಳು ಹೊರಬಂದವು. ಹೈದರಾಬಾದಿನ ಕೆಲವು ಸಂಸ್ಥೆಗಳಿಗಾಗಿ ದಲ್ಲಾಳಿಗಳು ದಕ್ಷಿಣ ತೆಲಂಗಾಣದ ಲಂಬಾಡಿ ತಾಂಡಾಗಳಿಂದ ಹೆಣ್ಣು ಕೂಸುಗಳನ್ನು ಅಲ್ಪ ಹಣಕ್ಕೆ ತರುತ್ತಿದ್ದರು. ‘ನಾನಾಗಿ ಬಿಟ್ಟುಕೊಟ್ಟೆ’ ಎಂಬ ಒಪ್ಪಿಗೆ ಪತ್ರ, ಕೆಳಗೆ ಹೆಬ್ಬೆಟ್ಟು. ಅಲ್ಲಿಂದ ಮುಂದೆ ಎಲ್ಲ ಕಾನೂನುಬದ್ಧ.

ಇದಕ್ಕೆ ಡೇವಿಡ್ ಸ್ಮೋಲಿನ್ ಎಂಬ ಕಾನೂನು ಪ್ರಾಧ್ಯಾಪಕರು ‘ಚೈಲ್ಡ್ ಲಾಂಡರಿಂಗ್’ ಎಂಬ ಹೆಸರನ್ನು ಬಳಕೆಗೆ ತಂದರು. ಕಪ್ಪು ಹಣವನ್ನು ಬಿಳಿ ಮಾಡಿದಂತೆ, ಅಕ್ರಮವಾಗಿ ಪಡೆದ ಮಗುವನ್ನು ಕಾಗದಪತ್ರದಲ್ಲಿ ತೊಳೆದು ಸಕ್ರಮ ದತ್ತುಮಗು ಮಾಡುವುದು. ಅಲಬಾಮಾದ ಈ ಪ್ರಾಧ್ಯಾಪಕರು 1998ರಲ್ಲಿ ಆಂಧ್ರದಿಂದ ಇಬ್ಬರು ಹೆಣ್ಣುಮಕ್ಕಳನ್ನು ದತ್ತು ಪಡೆದವರು. ಆ ಮಕ್ಕಳನ್ನು ತಾಯಿಯಿಂದ ಮೋಸದಿಂದ ಬೇರ್ಪಡಿಸಲಾಗಿತ್ತೆಂದು ತಿಳಿದ ಮೇಲೆ ಇಡೀ ವ್ಯವಸ್ಥೆಯ ವಿರುದ್ಧ ಬರೆಯತೊಡಗಿದರು. ಅಲಿಸಿಯಾ ಸಿನಿಮಾದಲ್ಲಿ ನಡೆದ ದಾರಿಯನ್ನು ಇವರು ಬದುಕಿನಲ್ಲಿ ನಡೆದರು. ಹಾಗಾಗಿ ಅಂಥ ಪಾತ್ರ ವಾಸ್ತವಕ್ಕೆ ದೂರ ಎಂದು ಯಾವ ಕಾದಂಬರಿಕಾರರೂ ಹೇಳುವಂತಿಲ್ಲ.

ಆದರೆ ತಾಂಡಾಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಗೀತಾ ರಾಮಸ್ವಾಮಿ ಮತ್ತು ಭಂಗ್ಯಾ ಭುಕ್ಯಾ ಲಂಬಾಡಿ ಹೆಣ್ಣು ಕೂಸುಗಳನ್ನು ಬಿಟ್ಟುಕೊಡುವುದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ಹಿಂದೆ ಆ ಸಮುದಾಯದಲ್ಲಿ ಗಂಡಿನ ಕಡೆಯವರು ತೆರ ಕೊಡುತ್ತಿದ್ದರು, ಆಮೇಲೆ ವರದಕ್ಷಿಣೆ ಬಂತು. ಭೂಮಿ, ಕೆಲಸ ಕೈತಪ್ಪಿದವು. ಮೂರನೆಯ, ನಾಲ್ಕನೆಯ ಹೆಣ್ಣು ಕೂಸು ಹೊರೆಯಾಗಿ ಕಾಣತೊಡಗಿತು. ಅಲ್ಲಿ ಕೆಲವು ಕೂಸುಗಳನ್ನು ಕಿತ್ತುಕೊಂಡರು, ಕೆಲವನ್ನು ಕೊಟ್ಟರು, ಬಹಳಷ್ಟರಲ್ಲಿ ಕೊಟ್ಟದ್ದೋ ಕಿತ್ತುಕೊಂಡದ್ದೋ ಎಂದು ಗೆರೆ ಎಳೆಯುವುದೇ ಕಷ್ಟ. ಹಸಿದ ತಾಯಿಯ ಹೆಬ್ಬೆಟ್ಟು ಒಪ್ಪಿಗೆಯೇ? ಮಗು ಎಲ್ಲಿಗೆ ಹೋಗುತ್ತದೆಂದು ತಿಳಿಯದವಳ ಒಪ್ಪಿಗೆ ಒಪ್ಪಿಗೆಯೇ? ನಮ್ಮ ಸುಪ್ರೀಂ ಕೋರ್ಟ್ 1984ರ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ವಿದೇಶಿ ದತ್ತಿಗೆ ನಿಯಮಗಳನ್ನು ಹಾಕಿತು. ಮಗುವನ್ನು ಒಪ್ಪಿಸಿದ ತಂದೆತಾಯಿಗೆ ಮನಸ್ಸು ಬದಲಿಸಲು 2015ರ ಬಾಲನ್ಯಾಯ ಕಾಯ್ದೆ ಎರಡು ತಿಂಗಳು ಕೊಡುತ್ತದೆ. ಒಂದು ಸಹಿಯಲ್ಲಿ ಪೂರ್ತಿ ಮನಸ್ಸು ಇರುವುದಿಲ್ಲ ಎಂಬುದನ್ನು ಕಾನೂನೇ ಒಪ್ಪಿಕೊಂಡದ್ದು ಇದು.

ಇಷ್ಟು ಹೊತ್ತುಕೊಂಡು ಕಾದಂಬರಿಗೆ ಮರಳಿದರೆ ಬ್ರೈನಿ ಬೇರೆಯಾಗಿ ಕಾಣುತ್ತಾನೆ. ಅವನೂ ಆಸ್ಪತ್ರೆಯಲ್ಲಿ ಯಾವುದೋ ಕಾಗದಕ್ಕೆ ಸಹಿ ಹಾಕಿದವನೇ. ಏನೆಂದು ಗೊತ್ತಿಲ್ಲದೆ ಹಾಕಿದ ಸಹಿ. ಆ ಸಹಿಯೊಂದಿಗೆ ಅವನು ಹೇಗೆ ಬದುಕಿದ, ಕ್ವೀನಿಗೆ ಏನು ಹೇಳಿದ, ಸಾಯುವ ಮೊದಲು ಅವಳು ಅವನನ್ನು ಏನು ಕೇಳಿದಳು, ಇದೊಂದೂ ನಮಗೆ ಅವನ ಒಳಗಿನಿಂದ ಸಿಗುವುದಿಲ್ಲ. 12ರ ಹುಡುಗಿಗೆ ಕಂಡಷ್ಟು ಕಾಣುತ್ತದೆ, ಕುಡಿದು ಕುಸಿದ ಒಬ್ಬ ಗಂಡಸು. ಎರಡನೆಯ ದನಿಯನ್ನು ಏವ್ರಿಗೆ ಕೊಡುವ ಬದಲು ವಿಂಗೇಟ್ ಬ್ರೈನಿಗೋ ಕ್ವೀನಿಗೋ ಕೊಟ್ಟಿದ್ದರೆ ಇದು ಬೇರೆಯೇ ಪುಸ್ತಕ ಆಗುತ್ತಿತ್ತು. ಮಾರಾಟ ಕಡಿಮೆ ಆಗುತ್ತಿತ್ತೇನೋ. ಆದರೆ ‘ತಾಯಿ ಬಿಟ್ಟಳು’ ಎಂಬ ಕಚೇರಿಯ ವಾಕ್ಯಕ್ಕೆ ನೇರ ಉತ್ತರ ಕೊಡಬಲ್ಲವರು ಅವರಿಬ್ಬರೇ. ಕದ್ದ ಮಗುವಿನ ಕತೆಗಿಂತ ಸಹಿ ಹಾಕಿದ ತಾಯಿಯ ಕತೆ ಬರೆಯುವುದು ಕಷ್ಟ. ಅಲ್ಲಿ ಓದುಗರಿಗೆ ಅಳಲಿಕ್ಕೆ ಸುಲಭದ ಜಾಗ ಸಿಗುವುದಿಲ್ಲ.

ಒಂದು ಮಾತನ್ನು ವಿಂಗೇಟ್ ಪರವಾಗಿ ಹೇಳಲೇಬೇಕು. ಕಾದಂಬರಿ ಓದಿದ ಮೇಲೆ ಆ ಸಂಸ್ಥೆಯಿಂದ ದತ್ತಾಗಿ ಹೋದ ಎಷ್ಟೋ ಮುದುಕರು, ಅವರ ಮಕ್ಕಳು ಆಕೆಗೆ ಬರೆದರು. 2018ರಲ್ಲಿ ಮೆಂಫಿಸ್ಸಿನಲ್ಲಿ ಅವರೆಲ್ಲ ಸೇರಿದರು. ಅವರ ನಿಜ ಕತೆಗಳನ್ನು ಪತ್ರಕರ್ತೆ ಜೂಡಿ ಕ್ರಿಸ್ಟಿ ಜೊತೆ ಸೇರಿ ವಿಂಗೇಟ್ 2019ರಲ್ಲಿ ‘ಬಿಫೋರ್ ಅಂಡ್ ಆಫ್ಟರ್’ ಎಂಬ ಪುಸ್ತಕವಾಗಿ ತಂದರು. ಕಟ್ಟುಕತೆಯೊಂದು ಕಡತ ತೆರೆಸಿದ್ದಕ್ಕಿಂತ ಹೆಚ್ಚಾಗಿ ಬಾಯಿಗಳನ್ನು ತೆರೆಸಿತು. ಇದು ಸಣ್ಣ ಸಾಧನೆ ಅಲ್ಲ. ನನ್ನ ತಕರಾರುಗಳನ್ನು ಈ ಗೌರವದ ಜೊತೆಗೇ ಇಟ್ಟಿದ್ದೇನೆ.

ಮುಗಿಸುತ್ತೇನೆ. ಇಂಥ ಕಾದಂಬರಿ ಕೈಗೆ ಬಂದಾಗ ನಾವು ಮೂರು ಪ್ರಶ್ನೆ ಕೇಳಬಹುದು. ಸುಳ್ಳು ಕಾಗದ ಬರೆದವರೆಲ್ಲ ಇದರಲ್ಲಿದ್ದಾರೆಯೇ, ಒಬ್ಬರೇ ಇದ್ದಾರೆಯೇ? ಕೊಂಡವರು ಎಂದಾದರೂ ಹೊಳೆಯ ಮೇಲ್ಗಡೆಗೆ ನಡೆದರೇ? ಸಹಿ ಹಾಕಿದವಳು ಮಾತಾಡಿದಳೇ? ವಿಂಗೇಟ್ ಕಾದಂಬರಿ ಮೊದಲನೆಯದಕ್ಕೆ ಅರ್ಧ ಉತ್ತರ ಕೊಡುತ್ತದೆ, ಉಳಿದೆರಡಕ್ಕೆ ಕೊಡುವುದಿಲ್ಲ. ಕಮೀಲಿಯಾಳ ಖಾಲಿ ಜಾಗದ ಮೂಲಕ ಈ ಮೂರೂ ಪ್ರಶ್ನೆಗಳನ್ನು ನಮ್ಮ ಮುಂದೆ ಇಟ್ಟಿತಲ್ಲ, ಅದು ಅದರ ಸತ್ವ.

ಚರ್ಚೆಯಿಂದ

ಸೊಲ್ಲಾಪುರದಿಂದ ಸೇರಿದ ಗೆಳೆಯರೊಬ್ಬರು ಕೇಳಿದರು: “ನೀವು ಹೀಗೆ ಹೇಳಿದ್ರ ದತ್ತು ತಗೊಳ್ಳೋದೇ ತಪ್ಪು ಅಂದಂಗ ಆಗೂದಿಲ್ಲೇನ್ರಿ? ಖರೇನ ಅನಾಥ ಇರೋ ಮಕ್ಕಳ ಗತಿ ಏನು?”

ಒಳ್ಳೆ ಪ್ರಶ್ನೆ, ಸರ್. ಹಂಗ ಆಗಬಾರದು. ರಾಧೆ ಬೇಕು. ಅನಾಥ ಮಗುವಿಗೆ ಮನೆ ಸಿಗುವುದಕ್ಕಿಂತ ದೊಡ್ಡದು ಯಾವುದೂ ಇಲ್ಲ. ನಾನು ಹೇಳ್ತಿರೋದು ಇಷ್ಟೇ ಅದ: ಎಲ್ಲ ಮಗುವಿಗೂ ಕರ್ಣನ ಕತೆ ಹಚ್ಚಿಬಿಟ್ರ, ನಿಜವಾಗಿ ಬಿಟ್ಟ ಮಗು ಯಾವುದು, ಕಸಕೊಂಡ ಮಗು ಯಾವುದು ಅಂತ ಗೊತ್ತಾಗೂದಿಲ್ಲ. ಅದರಿಂದ ಮೋಸ ಆಗೋದು ನಿಜವಾದ ಅನಾಥ ಮಗುವಿಗೂ ಹೌದು. ಸಂತೆಯಲ್ಲಿ ಬೇಡಿಕೆ ಇರೋದು ಎಳೆ ಕೂಸಿಗೆ, ಚೆಂದದ ಕೂಸಿಗೆ. ಅನಾಥಾಲಯದಲ್ಲಿರುವ ಎಂಟು ವರ್ಷದ ಹುಡುಗ ಅಲ್ಲೇ ಉಳೀತಾನ, ತಾಯಿ ಇರೋ ಕೂಸು ವಿಮಾನ ಹತ್ತತದ. ಕಾಗದ ಸರಿ ಇರಬೇಕು ಅಂತ ಕೇಳೋದು ದತ್ತಿನ ವಿರುದ್ಧ ಅಲ್ರಿ. ಮಗು ದೊಡ್ಡದಾಗಿ ಒಂದಿನ ‘ನಾನು ಎಲ್ಲಿಂದ ಬಂದೆ’ ಅಂತ ಕೇಳಿದಾಗ, ಸಾಕಿದ ತಾಯಿ ಕಣ್ಣು ತಪ್ಪಿಸದೆ ಉತ್ತರ ಹೇಳುವಂತೆ ಇರಬೇಕು. ಅಷ್ಟೇ.